ಕೊನೆಯ ಹತ್ತು ಮೀಟರು

ಡಿಪೋದಲ್ಲಿ ಎಲ್ಲರ ಬಾಯಲ್ಲೂ ಅವಳು ಸ್ಕೇಲ್ ಮೇಡಂ. ಎದುರಿಗೆ ಸಿಕ್ಕರೆ ಮೇಡಂ, ಬೆನ್ನು ತಿರುಗಿಸಿದರೆ ಬರೀ ಸ್ಕೇಲು. ಬೆಳಗ್ಗೆ ನಗರದ ರೈಲು ಓಡಿಸುವುದು, ಮಧ್ಯಾಹ್ನ ಹೊಸದಾಗಿ ಸೇರಿದ ಚಾಲಕರಿಗೆ ಪಾಠ ಹೇಳುವುದು ಅವಳ ಕೆಲಸ. ಅಡ್ಡಹೆಸರು ಬಂದದ್ದು ಅವಳು ಬ್ರೇಕು ಹಾಕುವ ರೀತಿಯಿಂದ. ಪ್ರತಿ ರೈಲಿನಲ್ಲೂ ಕ್ಷಣಕ್ಷಣದ ವೇಗವನ್ನು ಗುರುತಿಸಿಡುವ ಯಂತ್ರವಿರುತ್ತದೆ. ಅವಳ ಗಾಡಿಯ ಗ್ರಾಫು ತೆಗೆದು ನೋಡಿದರೆ, ಯಾವ ನಿಲ್ದಾಣವೇ ಆಗಲಿ, ವೇಗದ ಗೆರೆ ಸ್ಕೇಲಿಟ್ಟು ಎಳೆದ ಹಾಗೆ ಓರೆಯಾಗಿ ಇಳಿದು ಸೊನ್ನೆ ಮುಟ್ಟಿರುತ್ತಿತ್ತು. ಒಂದು ಕಡೆಯೂ ಕೊಂಕಿಲ್ಲ, ಡೊಂಕಿಲ್ಲ.

ಪಾಠದ ಮೊದಲ ದಿನ ಅವಳು ಹಲಗೆಯ ಮೇಲೆ ಬರೆಯುತ್ತಿದ್ದುದೂ ಆ ಗೆರೆಯನ್ನೇ. ಗಾಡಿ ಸೆಕೆಂಡಿಗೆ ಇಪ್ಪತ್ತು ಮೀಟರಿನಂತೆ ಬರುತ್ತಿದೆ ಎಂದಿಟ್ಟುಕೊಳ್ಳಿ. ಪ್ರತಿ ಸೆಕೆಂಡಿಗೂ ಒಂದೊಂದು ಮೀಟರಿನಷ್ಟು ವೇಗ ಇಳಿಸುತ್ತ ಬಂದರೆ ಇಪ್ಪತ್ತನೇ ಸೆಕೆಂಡಿಗೆ ಗಾಡಿ ನಿಂತಿತು. ಗೆರೆಯ ಕೆಳಗೆ ಒಂದು ತ್ರಿಕೋನವಾಯಿತು. ಅದರ ವಿಸ್ತೀರ್ಣವೇ ಗಾಡಿ ಸಾಗಿದ ದೂರ. ಇಪ್ಪತ್ತು ಇಪ್ಪತ್ತಲಿ ನಾನೂರು, ಅದರರ್ಧ ಇನ್ನೂರು. ಅಂದರೆ ನಿಲ್ಲಬೇಕಾದ ಜಾಗಕ್ಕೆ ಇನ್ನೂರು ಮೀಟರ್ ಇರುವಾಗ ಬ್ರೇಕಿನ ಹಿಡಿ ಎಳೆಯಬೇಕು, ಎಳೆದ ಕೈ ಅಲ್ಲಾಡಬಾರದು. ಇದಕ್ಕೆ ಏಕರೂಪದ ವೇಗೋತ್ಕರ್ಷ ಎನ್ನುತ್ತಾರೆ. ವೇಗ ಏರಿದರೂ ಇಳಿದರೂ ಹೆಸರು ಅದೇ, ಇಳಿಯುವಾಗ ಮುಂದೊಂದು ಕಳೆಯುವ ಚಿಹ್ನೆ, ಅಷ್ಟೇ. ಇಷ್ಟು ಹೇಳಿ ಅವಳು ಸೀಮೆಸುಣ್ಣದ ಕೈ ಒರೆಸಿಕೊಂಡು ತಿರುಗಿ ನೋಡುವಾಗ ಅವಳ ಮುಖದಲ್ಲೊಂದು ತೃಪ್ತಿ ಇರುತ್ತಿತ್ತು.

ಆ ತೃಪ್ತಿಗೆ ಕಲ್ಲು ಬಿದ್ದದ್ದು ಮನೆಯೊಳಗಿನಿಂದಲೇ. ಅವಳ ಮೈದುನನ ಹೆಂಡತಿ, ಅಂದರೆ ಅವಳ ಓರಗಿತ್ತಿ, ಅದೇ ಡಿಪೋಗೆ ಚಾಲಕಿಯಾಗಿ ಸೇರಿದಳು. ಸೇರಿಸಿದವಳೂ ಇವಳೇ. ಅರ್ಜಿ ಹಾಕೆಂದು ಬೆನ್ನುಹತ್ತಿದ್ದು, ಮೇಲ್ವಿಚಾರಕರ ಹತ್ತಿರ ನಾಲ್ಕು ಒಳ್ಳೆಯ ಮಾತಾಡಿದ್ದು, ಅಡುಗೆಮನೆಯ ಮೇಜಿನ ಮೇಲೆ ಗ್ರಾಫ್ ಕಾಗದ ಹರವಿ ಪಾಠ ಹೇಳಿದ್ದು, ಎಲ್ಲ ಹಿರಿಯಾಕೆಯೇ. ಕಿರಿಯಾಕೆ ಮಾತು ಕಡಿಮೆಯ ಹೆಣ್ಣು. ಹೇಳಿದ್ದನ್ನು ಕೇಳಿಸಿಕೊಳ್ಳುತ್ತಿದ್ದಳು, "ಹೂಂ ಅಕ್ಕ" ಎನ್ನುತ್ತಿದ್ದಳು, ಪರೀಕ್ಷೆಯಲ್ಲಿ ಗೆರೆಯನ್ನು ನೇರವಾಗಿಯೇ ಎಳೆದು ತೋರಿಸಿ ಪಾಸಾದಳು. ಆಮೇಲೆ ಹಳಿಯ ಮೇಲೆ ಒಬ್ಬಳೇ ಗಾಡಿ ಓಡಿಸತೊಡಗಿದ ಕೆಲವು ತಿಂಗಳಲ್ಲಿ ತನ್ನದೇ ಒಂದು ಕೈ ಮಾಡಿಕೊಂಡಳು.

ಮೊದಲು ಗಮನಿಸಿದ್ದು ಪ್ರಯಾಣಿಕರು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ನಿಲ್ಲಿಸ್ತಾಳೆ ಆಯಮ್ಮ ಎಂದು ಯಾರೋ ಟಿಕೆಟ್ ಕೌಂಟರಿನವನಿಗೆ ಹೇಳಿದರಂತೆ. ಅವನು ಡಿಪೋಗೆ ತಂದು ಹಾಕಿದ. ವಾರ ಕಳೆಯುವುದರೊಳಗೆ ಕಿರಿಯಾಕೆಗೆ ಬೆಣ್ಣೆ ಎಂಬ ಹೆಸರು ಅಂಟಿತು. ಹಿರಿಯಾಕೆ ಎಲ್ಲರ ಜೊತೆ ತಾನೂ ನಕ್ಕಳು. ನಕ್ಕಿದ್ದು ಹಲ್ಲು ಮಾತ್ರ. ಇಷ್ಟು ವರ್ಷ ದುಡಿದ ತನಗೆ ಕಬ್ಬಿಣದ ಸ್ಕೇಲು, ನಿನ್ನೆ ಮೊನ್ನೆ ಬಂದವಳಿಗೆ ಬೆಣ್ಣೆ!

ಮನೆಯಲ್ಲಿ ಈ ಮಾತು ಎತ್ತಿದ್ದು ಅತ್ತೆ. ಅತ್ತೆಗೆ ಮಂಡಿನೋವು, ವ್ಯಾಯಾಮ ಮಾಡಿಸುವ ಆಸ್ಪತ್ರೆಗೆ ವಾರದಲ್ಲಿ ಎರಡು ಮೂರು ಸಲ ರೈಲಿನಲ್ಲಿ ಹೋಗಿ ಬರುತ್ತಿದ್ದರು. ಸೊಸೆಯಂದಿರಿಬ್ಬರ ಗಾಡಿಯೂ ಅದೇ ದಾರಿಯಲ್ಲಿ ಒಂದರ ಹಿಂದೊಂದು ಓಡುತ್ತಿದ್ದವು. ಒಂದು ಸಂಜೆ ಊಟದ ಹೊತ್ತಿಗೆ ಅತ್ತೆ ತಟ್ಟೆಯ ಮುಂದೆ ಕೂತು, ಯಾರನ್ನೂ ನೋಡದೆ, ತಮ್ಮಷ್ಟಕ್ಕೆ ಹೇಳುವವರ ಹಾಗೆ ಹೇಳಿದರು:

"ಚಿಕ್ಕವಳ ಗಾಡೀಲಿ ಕಣ್ಣು ಮುಚ್ಚಿ ಕೂತ್ರೆ ನಿಂತಿದ್ದೇ ಗೊತ್ತಾಗಲ್ಲ. ಬಾಗಿಲು ತೆಗೆದ ಸದ್ದಾದಾಗಲೇ ಓ, ಬಂತು ಅನ್ಕೋಬೇಕು."

ಮೈದುನ ಹೆಮ್ಮೆಯಿಂದ ಹೆಂಡತಿಯ ಕಡೆ ನೋಡಿದ. ಕಿರಿಯಾಕೆ ತಲೆ ತಗ್ಗಿಸಿದಳು. ಹಿರಿಯಾಕೆಯ ಗಂಡ, ಹಾಳಾದವನು, ಹೌದಂತೆ, ನಮ್ಮ ಅಂಗಡಿಗೆ ಬರೋರೂ ಹೇಳ್ತಾರೆ ಎಂದು ಒಗ್ಗರಣೆ ಹಾಕಿದ. ಹಿರಿಯಾಕೆ ಎಲ್ಲರಿಗೂ ನೀರು ಬಡಿಸಿದಳು. ತನ್ನ ಲೋಟಕ್ಕೆ ಬಗ್ಗಿಸಿಕೊಳ್ಳುವಾಗ ನೀರು ಚೆಲ್ಲಿತು. ಅತ್ತೆ ತನ್ನ ಗಾಡಿಯ ಬಗ್ಗೆ ಒಂದು ಸಲವಾದರೂ ಏನಾದರೂ ಹೇಳಿದ್ದುಂಟೇ ಎಂದು ನೆನಪು ಮಾಡಿಕೊಂಡಳು. ಉಂಟು. ಸರಿಯಾದ ಹೊತ್ತಿಗೆ ಬರ್ತೀಯಮ್ಮ ನೀನು ಎಂದಿದ್ದರು. ಆಗ ಅದು ದೊಡ್ಡ ಹೊಗಳಿಕೆಯಂತೆ ಕೇಳಿಸಿತ್ತು. ಈಗ ಯೋಚಿಸಿದರೆ ಗಡಿಯಾರಕ್ಕೂ ಅದನ್ನೇ ಹೇಳಬಹುದಿತ್ತು.

ಹೊಟ್ಟೆಕಿಚ್ಚು ಎನ್ನುವುದು ಒಂದೇ ಸಮನೆ ಏರುವ ವಸ್ತುವಲ್ಲ. ತಿಂಗಳುಗಟ್ಟಲೆ ಇದ್ದಲ್ಲೇ ಹೊಗೆಯಾಡಿ, ಒಂದು ದಿನ ಸಣ್ಣದೊಂದು ಗಾಳಿಗೆ ಧಗ್ಗೆನ್ನುತ್ತದೆ. ಆ ಗಾಳಿ ಬೀಸಿದ್ದು ಆಸ್ಪತ್ರೆಯ ನಿಲ್ದಾಣದಲ್ಲಿ.

ಹಿರಿಯಾಕೆ ಗಾಡಿ ತರುತ್ತಿದ್ದಳು. ಆ ನಿಲ್ದಾಣಕ್ಕೆ ಬರುವ ಹಳಿ ದಾರ ಹಿಡಿದಂತೆ ನೇರ. ಇಡೀ ಪ್ಲಾಟ್‌ಫಾರ್ಮು ದೂರದಿಂದಲೇ ಕಾಣುತ್ತದೆ. ಕಂಬದ ಪಕ್ಕದ ಬೆಂಚಿನಲ್ಲಿ ಅತ್ತೆ ಕೂತಿದ್ದರು. ತೊಡೆಯ ಮೇಲೆ ಚೀಲ, ಕೈಯಲ್ಲಿ ಕೋಲು. ಹಿರಿಯಾಕೆಗೆ ಖುಷಿಯಾಯಿತು. ಎಂದಿನಂತೆ ಹಿಡಿ ಎಳೆದಳು, ಎಂದಿನಂತೆ ನಿಲುಗಡೆಯ ಗುರುತಿನ ಫಲಕದ ಎದುರೇ ಗಾಡಿ ನಿಂತಿತು, ನಿಂತಾಗ ಎಂದಿನಂತೆ ಒಂದು ಸಣ್ಣ ಜಗ್ಗು. ಬಾಗಿಲು ತೆರೆದವು. ಜನ ಇಳಿದರು, ಹತ್ತಿದರು. ಕಿಟಕಿಯಿಂದ ಹೊರಗೆ ತಲೆಹಾಕಿ ಹಿಂದಕ್ಕೆ ನೋಡಿದಳು. ಅತ್ತೆ ಏಳಲಿಲ್ಲ. ಗಾಡಿಯ ಕಡೆ ನೋಡಿದರು, ಯಾರದೆಂದು ಗುರುತಿಸಿದರು, ಆಮೇಲೆ ಚೀಲವನ್ನು ಇನ್ನೊಂದು ತೊಡೆಗೆ ಸರಿಸಿಕೊಂಡು, ಬರಲಿರುವ ಮುಂದಿನ ಗಾಡಿಯ ದಿಕ್ಕಿಗೆ ಕತ್ತು ತಿರುಗಿಸಿದರು.

ಮುಂದಿನ ಗಾಡಿ ಕಿರಿಯಾಕೆಯದು.

ಹಿರಿಯಾಕೆ ಬಾಗಿಲು ಹಾಕುವ ಗುಂಡಿ ಒತ್ತಿದಳು. ನಾನು ಸಾಕಿದ ಗಿಣಿ ನನ್ನ ಕಣ್ಣೇ ಕುಕ್ಕಿತು ಎಂದುಕೊಂಡಳು. ಪಾಪ, ಗಿಣಿ ಏನೂ ಮಾಡಿರಲಿಲ್ಲ. ತನ್ನ ಪಾಡಿಗೆ ತಾನು ಗಾಡಿ ಓಡಿಸುತ್ತಿತ್ತು. ಆದರೆ ಉರಿಯುವ ಹೊಟ್ಟೆಗೆ ನ್ಯಾಯ ಹೇಳಿದವರಾರು?

ಮಧ್ಯಾಹ್ನ ಪಾಠದ ಕೋಣೆಯಲ್ಲಿ ಯಾರೂ ಇಲ್ಲದಾಗ ಅವಳು ಕಿರಿಯಾಕೆಯ ಗ್ರಾಫುಗಳನ್ನು ತೆಗೆದು ಕೂತಳು. ತರಬೇತಿ ಕೊಡುವವರು ಯಾರ ಗ್ರಾಫನ್ನಾದರೂ ನೋಡಬಹುದಿತ್ತು. ಗೆರೆ ನೇರವಾಗಿರಲಿಲ್ಲ. ಮೊದಲು ಕಡಿದಾಗಿ ಇಳಿದು, ಬರಬರುತ್ತ ಇಳಿಜಾರು ಸಣ್ಣದಾಗಿ, ಕೊನೆಗೆ ನೆಲಕ್ಕೆ ಒರಗಿದ ಬೆಕ್ಕಿನ ಬಾಲದಂತೆ ಮೆಲ್ಲಗೆ ಸೊನ್ನೆಗೆ ಸೇರುತ್ತಿತ್ತು. ವೇಗೋತ್ಕರ್ಷ ಒಂದೇ ಆಗಿರದೆ ಕ್ಷಣಕ್ಷಣಕ್ಕೂ ಬದಲಾಗುತ್ತಿತ್ತು. ಇಂಥ ಗೆರೆಗೆ ತ್ರಿಕೋನದ ಲೆಕ್ಕ ನಡೆಯುವುದಿಲ್ಲ. ದೂರ ಎಷ್ಟೆಂದು ತಿಳಿಯಲು ಗೆರೆಯ ಕೆಳಗಿನ ಚೌಕಗಳನ್ನು ಒಂದೊಂದಾಗಿ ಎಣಿಸಬೇಕು. ಹಿರಿಯಾಕೆ ಪೆನ್ಸಿಲ್ಲು ಹಿಡಿದು ಎಣಿಸಿದಳು. ಎಲ್ಲಾದರೂ ತಪ್ಪು ಸಿಗಲಿ ಎಂದು ಹರಕೆ ಹೊತ್ತವಳಂತೆ ಎಣಿಸಿದಳು. ಎಣಿಸಿದಷ್ಟೂ ಇನ್ನೂರರ ಆಸುಪಾಸೇ ಬಂತು. ಹಿಡಿ ಎಳೆದದ್ದು ಇವಳು ಎಳೆಯುವ ಜಾಗದಲ್ಲೇ, ನಿಂತದ್ದು ಇವಳು ನಿಲ್ಲುವ ಜಾಗದಲ್ಲೇ. ಒಂದೆರಡು ಸೆಕೆಂಡು ಹೆಚ್ಚಾಗಿತ್ತು, ಅಷ್ಟೇ.

ಜಗ್ಗು ಯಾಕಿಲ್ಲ ಎನ್ನುವುದೂ ಅವಳಿಗೆ ಅರ್ಥವಾಯಿತು. ಬ್ರೇಕು ಹಿಡಿದಿರುವಷ್ಟು ಹೊತ್ತು ನಿಂತವರು ತಮಗೆ ತಿಳಿಯದೆಯೇ ಮೈಯನ್ನು ಹಿಂದಕ್ಕೆ ವಾಲಿಸಿಕೊಂಡಿರುತ್ತಾರೆ. ಇವಳ ಗಾಡಿಯಲ್ಲಿ ಆ ಹಿಡಿತ ಕೊನೆಯವರೆಗೂ ಒಂದೇ ಸಮ ಇದ್ದು, ಗಾಡಿ ನಿಂತ ಕ್ಷಣ ಒಮ್ಮೆಗೇ ಮಾಯವಾಗುತ್ತದೆ. ವಾಲಿದವರು ಹಾಗೇ ಹಿಂದಕ್ಕೆ ತೂರಾಡುತ್ತಾರೆ. ಕಿರಿಯಾಕೆ ನಿಲ್ಲುವ ಮೊದಲೇ ಹಿಡಿತವನ್ನು ಸ್ವಲ್ಪ ಸ್ವಲ್ಪವಾಗಿ ಸಡಿಲಿಸಿಬಿಡುತ್ತಾಳೆ. ಕೊನೆಗೆ ಮಾಯವಾಗಲು ಏನೂ ಉಳಿದಿರುವುದಿಲ್ಲ.

ಅರ್ಥವಾದದ್ದು ಮಾಡಲಿಕ್ಕೂ ಬರಬೇಕಲ್ಲ ಎಂದು ಮಾರನೇ ದಿನ ಜನ ಕಡಿಮೆ ಇದ್ದ ಹೊತ್ತಿನಲ್ಲಿ ತಾನೂ ಒಂದು ಕೈ ನೋಡಿದಳು. ಮೊದಲು ಬಲವಾಗಿ ಎಳೆದಳು. ಆಮೇಲೆ ಸಡಿಲಿಸಿದಳು. ಸಡಿಲಿಸಿದ್ದು ಅರೆಗಳಿಗೆ ಬೇಗವಾಯಿತು. ಕೊನೆಯ ಹತ್ತು ಮೀಟರಿನಲ್ಲಿ ಗಾಡಿ ಎಣ್ಣೆ ಹಚ್ಚಿದಂತೆ ಜಾರಿತು. ಗಾಬರಿಯಿಂದ ಮತ್ತೆ ಎಳೆಯುವಷ್ಟರಲ್ಲಿ ಫಲಕ ದಾಟಿ, ಮೊದಲ ಬಾಗಿಲು ಪ್ಲಾಟ್‌ಫಾರ್ಮಿನಾಚೆ ಗೋಡೆಗೆ ಮುಖಮಾಡಿ ನಿಂತಿತು. ಆ ಬಾಗಿಲ ಬಳಿ ನಿಂತವರು ಗೊಣಗುತ್ತ ಒಳಗಿನಿಂದಲೇ ಹಿಂದಿನ ಬಾಗಿಲಿಗೆ ನಡೆದುಹೋದರು. ಬಾವುಟ ಹಿಡಿದ ನಿಲ್ದಾಣದವನು ಕಿಟಕಿಯ ಹತ್ತಿರ ಬಂದು, ಬೈಯಲಿಲ್ಲ, ಮೆತ್ತಗೆ ಕೇಳಿದ.

"ಮೇಡಂ, ಮೈ ಹುಷಾರಿಲ್ವಾ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಕನಿಕರ ಪಟ್ಟದ್ದು ಎದೆಗೆ ನಾಟಿತು.

ಅದೇ ವಾರ, ತರಬೇತಿ ಕೊಡುವವರ ಸಭೆಯಲ್ಲಿ, ಮೇಲ್ವಿಚಾರಕರು ಇನ್ನೇನಾದರೂ ಇದೆಯೇ ಎಂದು ಕೇಳಿದಾಗ, ಅವಳು ಬಾಯಿ ತೆರೆದಳು. ಯಾರ ಹೆಸರನ್ನೂ ಎತ್ತಲಿಲ್ಲ. ಕೆಲವರು ಪಾಠದಲ್ಲಿ ಹೇಳಿದ್ದನ್ನು ಬಿಟ್ಟು ಮನಸ್ಸಿಗೆ ಬಂದ ಹಾಗೆ ಬ್ರೇಕು ಹಾಕುತ್ತಿದ್ದಾರೆ; ಲೆಕ್ಕಕ್ಕೆ ಸಿಗದ ಬ್ರೇಕನ್ನು ಹೊಸಬರು ನೋಡಿ ಕಲಿತರೆ ಅನಾಹುತ; ಒಂದೊಂದು ನಿಲ್ದಾಣಕ್ಕೆ ಎರಡು ಸೆಕೆಂಡು ಹೋದರೂ ದಿನಕ್ಕೆ ಎಷ್ಟಾಯಿತು ನೋಡಿ ಎಂದಳು. ಮೇಲುನೋಟಕ್ಕೆ ಮಾತೆಲ್ಲ ನಿಜವೇ. ನಿಜದ ಬಟ್ಟೆ ತೊಟ್ಟ ಸುಳ್ಳಿಗೆ ಮರ್ಯಾದೆ ಜಾಸ್ತಿ. ಮೇಲ್ವಿಚಾರಕರಿಗೆ ಕುಂಬಳಕಾಯಿ ಕಳ್ಳ ಯಾರೆಂದು ಗೊತ್ತಾಯಿತು. ಹಿರಿಯಾಕೆ ಅದೇ ಮನೆಯವಳಾಗಿ ಹೀಗೆ ಹೇಳುತ್ತಿದ್ದಾಳೆಂದರೆ ಪಕ್ಷಪಾತವಿಲ್ಲದ ಹೆಣ್ಣುಮಗಳು ಎಂದು ಮೆಚ್ಚಿದರು ಕೂಡ. ಮರುದಿನವೇ ಕಿರಿಯಾಕೆಯನ್ನು ಕರೆದು, ಇನ್ನು ಮುಂದೆ ಗೆರೆ ನೇರವಾಗಿರಲಿ ಎಂದರು.

ಸಂಜೆ ಹಿರಿಯಾಕೆ ಹಿತ್ತಲಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದಾಗ ಕಿರಿಯಾಕೆ ಬಂದು ಪಕ್ಕದಲ್ಲಿ ನಿಂತಳು. ಹಾಸಿಗೆಯ ಹೊದಿಕೆಯ ಇನ್ನೊಂದು ತುದಿ ಹಿಡಿದು ಮಡಚಲು ನೆರವಾದಳು. ತುದಿಗೆ ತುದಿ ಸೇರಿಸುವಾಗ ಕೇಳಿದಳು.

"ಅಕ್ಕ, ನನ್ನ ಬ್ರೇಕಲ್ಲಿ ಏನಾದ್ರೂ ತಪ್ಪಿದ್ಯಾ? ನಿಮಗೆ ಗೊತ್ತಿರುತ್ತೆ. ಇದ್ರೆ ಹೇಳಿ."

"ಪಾಠದಲ್ಲಿರೋ ಹಾಗೆ ಮಾಡು," ಎಂದಳು ಹಿರಿಯಾಕೆ, ಹೊದಿಕೆಯ ಮೇಲಿನ ಕಣ್ಣು ಎತ್ತದೆ. "ಸುಮ್ನೆ ಯಾಕೆ ಬೇಡದ್ದೆಲ್ಲ."

ಕಿರಿಯಾಕೆ ಹೂಂ ಎಂದು ಒಳಗೆ ಹೋದಳು. ಮರುದಿನದಿಂದ ಅವಳ ಗೆರೆಯೂ ಸ್ಕೇಲಿಟ್ಟ ಹಾಗೆ ಇಳಿಯತೊಡಗಿತು. ಬೆಣ್ಣೆ ಹೆಪ್ಪುಗಟ್ಟಿತು ಎಂದು ಡಿಪೋದಲ್ಲಿ ಯಾರೋ ನಗೆಯಾಡಿದರು. ಹಿರಿಯಾಕೆ ಅಂದು ಎರಡು ತುತ್ತು ಹೆಚ್ಚಿಗೇ ಉಂಡಳು.

ಆದರೆ ಅತ್ತೆಗೆ ಇದನ್ನು ಹೇಳಿದವರಾರು? ಕಿರಿಸೊಸೆಯ ಗಾಡಿಯಲ್ಲಿ ಕೋಲು ಊರದೆ ನಿಲ್ಲುವಷ್ಟು ಅವರಿಗೆ ಧೈರ್ಯ ಬಂದಿತ್ತು. ಗಾಡಿ ನಿಲ್ಲುವ ಮೊದಲೇ ಎದ್ದು, ಚೀಲ ಹೆಗಲಿಗೇರಿಸಿ, ಬಾಗಿಲ ಬಳಿ ಬಂದು ನಿಂತುಬಿಡುತ್ತಿದ್ದರು. ಇಳಿಯುವ ಜನರ ನೂಕಾಟಕ್ಕೆ ಮೊದಲು ತಾವು ಇಳಿಯುವ ಉಪಾಯ. ಗೆರೆ ನೇರವಾದ ಮೇಲೆ ಮೊದಲ ಸಲ ಹತ್ತಿದ ದಿನವೂ ಹಾಗೇ ನಿಂತರು. ಗಾಡಿ ನಿಂತಿತು, ಜಗ್ಗಿತು. ಅತ್ತೆ ಹಿಂದಕ್ಕೆ ಮುಗ್ಗರಿಸಿ ಕೂತಂತೆ ಬಿದ್ದರು. ಊರಿದ ಎಡಗೈ ಮಣಿಕಟ್ಟಿನಲ್ಲಿ ಮುರಿಯಿತು.

ಸುದ್ದಿ ಬಂದಾಗ ಹಿರಿಯಾಕೆ ಪಾಠದ ಕೋಣೆಯಲ್ಲಿ ತ್ರಿಕೋನ ಬರೆಯುತ್ತಿದ್ದಳು. ಆಸ್ಪತ್ರೆಗೆ ಓಡಿದಳು. ಅತ್ತೆಯ ಕೈಗೆ ಆಗಲೇ ಪ್ಲಾಸ್ಟರ್ ಹಾಕಿದ್ದರು. ಕಿರಿಯಾಕೆ ಸಮವಸ್ತ್ರದಲ್ಲೇ ಗೋಡೆಗೆ ಒರಗಿ ನಿಂತಿದ್ದಳು. ಅವಳನ್ನು ಯಾರೂ ಕೂತುಕೋ ಎಂದಿರಲಿಲ್ಲ. ಮನೆಗೆ ಬಂದ ಮೇಲೆ ಎಲ್ಲರೂ ಅವಳ ಮೇಲೆಯೇ ಬಿದ್ದರು. ಮನಸ್ಸು ಎಲ್ಲಿಟ್ಟು ಗಾಡಿ ಓಡಿಸ್ತೀಯ ಎಂದ ಅವಳ ಗಂಡ. ಅತ್ತೆ ಬೈಯಲಿಲ್ಲ, ನಂಬಿ ನಿಂತೆನಲ್ಲಮ್ಮ ಎಂದಷ್ಟೇ ಹೇಳಿ ಮಗ್ಗುಲಾದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಎತ್ತು ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿತು, ಬಾಯಿ ಬಿಡಲಿಲ್ಲ. ಕಿರಿಯಾಕೆಯೂ, ಗೆರೆ ನೇರವಾಗಿರಲಿ ಎಂದು ಆಜ್ಞೆಯಾಗಿತ್ತು ಎನ್ನಲಿಲ್ಲ. ಅಂದಿದ್ದರೆ ಹಿರಿಯಾಕೆಗೆ ಎಷ್ಟೋ ಹಗುರಾಗುತ್ತಿತ್ತು.

ಕೈ ಸ್ವಲ್ಪ ಸುಧಾರಿಸಿದ ಮೇಲೆ ಅತ್ತೆ ಮತ್ತೆ ಮಂಡಿಯ ವ್ಯಾಯಾಮಕ್ಕೆ ಹೊರಟರು. ಒಂದು ಬೆಳಗ್ಗೆ ಹಿರಿಯಾಕೆಯ ಗಾಡಿ ನಿಲ್ದಾಣಕ್ಕೆ ಬಂದಾಗ, ಮುರಿದ ಕೈಗೆ ಕುತ್ತಿಗೆಯಿಂದ ಜೋಲಿ ಕಟ್ಟಿಕೊಂಡ ಅತ್ತೆ ತಾವಾಗಿಯೇ ಎದ್ದರು. ಚಾಲಕಿಯ ಕಿಟಕಿಯ ಕಡೆ ನೋಡಿ, ಬಲಗೈಯನ್ನು ಸ್ವಲ್ಪ ಎತ್ತಿ, ಹತ್ತಿದರು. ಹಿರಿಯಾಕೆ ಬಯಸಿದ್ದು ಇದನ್ನೇ. ಕೈಗೆ ಬಂದಿತ್ತು. ಆ ಇಡೀ ಪ್ರಯಾಣದಲ್ಲಿ ಅವಳಿಗೆ ಒಂದೇ ಯೋಚನೆ: ಮುಂದಿನ ನಿಲ್ದಾಣದಲ್ಲಿ ಗಾಡಿ ಜಗ್ಗುತ್ತದೆ, ಇವರು ಕೂತಿದ್ದಾರೋ ನಿಂತಿದ್ದಾರೋ.

ಅಂದು ಮಧ್ಯಾಹ್ನ ಪಾಠಕ್ಕೆ ಹೋಗುವ ಮೊದಲು ಮೇಲ್ವಿಚಾರಕರ ಕೋಣೆಗೆ ಹೋದಳು. ಕಿರಿಯಾಕೆಯ ಬ್ರೇಕಿನಲ್ಲಿ ತಪ್ಪಿರಲಿಲ್ಲ, ಹೇಳಿದ ನಾನೇ ಸರಿಯಿರಲಿಲ್ಲ ಎಂದಳು. ಅವರು ಕನ್ನಡಕ ತೆಗೆದು ಅವಳನ್ನು ನೋಡಿದರು. ಅಂದು ನೀವೇ ಅಲ್ಲವೇ ಲೆಕ್ಕಕ್ಕೆ ಸಿಗುವುದಿಲ್ಲ ಅಂದದ್ದು ಎಂದು ಕೇಳಿದರು. ಸಿಗುತ್ತದೆ, ಚೌಕ ಎಣಿಸಬೇಕು, ನಾನು ಎಣಿಸಿಯೇ ಬಂದು ಹಾಗೆ ಹೇಳಿದ್ದೆ ಎಂದಳು. ಅವರು ಹೆಚ್ಚು ಕೆದಕಲಿಲ್ಲ. ಆಜ್ಞೆಯನ್ನು ಹಿಂತೆಗೆದುಕೊಂಡರು, ಆದರೆ ಅವಳನ್ನು ನೋಡುವ ಕಣ್ಣಿನಲ್ಲಿ ಮೊದಲಿದ್ದ ಮೆಚ್ಚುಗೆಯನ್ನೂ ಅದರ ಜೊತೆಗೇ ಹಿಂತೆಗೆದುಕೊಂಡರು.

ಕಿರಿಯಾಕೆಗೆ ಹೇಳುವುದು ಅದಕ್ಕಿಂತ ಕಷ್ಟವಾಯಿತು. ಪಾಳಿ ಮುಗಿಸಿ ಬಂದವಳು ಡಿಪೋದ ಬಟ್ಟೆ ಬದಲಿಸುವ ಕೋಣೆಯ ಬೆಂಚಿನಲ್ಲಿ ಬೂಟಿನ ದಾರ ಬಿಚ್ಚುತ್ತಿದ್ದಳು. ಹಿರಿಯಾಕೆ ಎದುರಿನ ಬೆಂಚಿನಲ್ಲಿ ಕೂತು ಒಂದೇ ಉಸಿರಿಗೆ ಎಲ್ಲ ಹೇಳಿದಳು: ಬೆಂಚಿನಿಂದ ಏಳದ ಅತ್ತೆ, ಗೋಡೆಗೆ ಮುಖಮಾಡಿದ ಬಾಗಿಲು, ಸಭೆ. ಕಿರಿಯಾಕೆ ದಾರ ಬಿಚ್ಚುವುದನ್ನು ನಿಲ್ಲಿಸಲಿಲ್ಲ. ಎರಡೂ ಬೂಟು ಕಳಚಿ ಜೋಡಿಸಿಟ್ಟ ಮೇಲೆ ಮಾತಾಡಿದಳು.

"ಸಭೇಲಿ ಹೇಳಿದ್ದು ನೀವೇ ಅಂತ ನನಗೆ ಮೊದಲೇ ಅನಿಸಿತ್ತು. ಅದಕ್ಕೇ ಅವತ್ತು ಹಿತ್ತಲಲ್ಲಿ ಕೇಳಿದ್ದು. ಅಲ್ಲಿ ಹೇಳಬಹುದಿತ್ತು ಅಕ್ಕ."

"ಹೇಳಬಹುದಿತ್ತು."

"ಅತ್ತೆಗೆ ನೀವೇ ಹೇಳಿ. ನಾನು ಹೇಳಲ್ಲ."

ಹೇಳಿದಳು. ಅತ್ತೆಗೆ ಗೆರೆ, ಚೌಕ ಇವೆಲ್ಲ ತಲೆಗೆ ಹೋಗಲಿಲ್ಲ. ಅಂದ್ರೆ ಚಿಕ್ಕವಳ ತಪ್ಪಿಲ್ವಾ ಎಂದು ಒಂದೇ ಪ್ರಶ್ನೆ ಕೇಳಿದರು. ಇಲ್ಲ ಎಂದ ಮೇಲೆ ಅವಳನ್ನ ಕರಿ ಎಂದರು. ಕಿರಿಯಾಕೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಬಲಗೈಯಿಂದ ಅವಳ ಬೆನ್ನು ಸವರಿದರು. ಹಿರಿಯಾಕೆಯ ಜೊತೆ ಬಹಳ ದಿನ ಬೇಕಾದಷ್ಟೇ ಮಾತು: ನೀರು ಕೊಡು, ದೀಪ ಆರಿಸು. ಮನೆಯಲ್ಲಿ ಯಾರೂ ಜಗಳವಾಡಲಿಲ್ಲ. ಗಂಡ ಮಾತ್ರ ಒಮ್ಮೆ, ನಿನ್ನಿಂದ ಇದನ್ನ ನಿರೀಕ್ಷಿಸಿರಲಿಲ್ಲ ಎಂದ. ನಾನೂ ಎಂದಳು ಅವಳು.

ಕೆಲವು ವಾರ ಕಳೆದ ಮೇಲೆ, ಅವಳು ಡಿಪೋದಲ್ಲಿ ಕಿರಿಯಾಕೆಯ ಹತ್ತಿರ ಹೋಗಿ, ನನಗೆ ಆ ಕೊನೆಯ ಹತ್ತು ಮೀಟರ್ ಹೇಳಿಕೊಡುತ್ತೀಯಾ ಎಂದು ಕೇಳಿದಳು. ಕಿರಿಯಾಕೆ ಒಪ್ಪಿದಳು, ತಂಗಿಯ ಹಾಗಲ್ಲ, ಜೊತೆ ಕೆಲಸದವಳ ಹಾಗೆ ಒಪ್ಪಿದಳು. ಡಿಪೋದ ಒಳಗಿನ ಪರೀಕ್ಷೆಯ ಹಳಿಯಲ್ಲಿ ಖಾಲಿ ಗಾಡಿ ತೆಗೆದುಕೊಂಡು ಇಬ್ಬರೂ ಇಕ್ಕಟ್ಟಾದ ಚಾಲಕಿಯ ಕೋಣೆಯಲ್ಲಿ ನಿಂತರು. ಹಿರಿಯಾಕೆ ಒಮ್ಮೆ ಮುಂದೆ ಹೋದಳು, ಒಮ್ಮೆ ಮೊದಲೇ ನಿಂತು ಮತ್ತೆ ತೆವಳಿದಳು. ಕಿರಿಯಾಕೆ ನಗಲೂ ಇಲ್ಲ, ಸಮಾಧಾನ ಹೇಳಲೂ ಇಲ್ಲ. ಎಷ್ಟು ವೇಗಕ್ಕೆ ಎಷ್ಟು ಸಡಿಲಿಸಬೇಕು, ಸಂಖ್ಯೆ ಹೇಳು ಎಂದು ಹಿರಿಯಾಕೆ ರೇಗಿದಾಗ ಮಾತ್ರ, ಕೊಂಚ ಯೋಚಿಸಿ ಹೇಳಿದಳು.

"ಮಗುವನ್ನ ಮಲಗಿಸಿ ಕೈ ತೆಗೀತೀವಲ್ಲ ಅಕ್ಕ, ಹಾಗೆ. ಒಮ್ಮೆಗೇ ತೆಗೆದ್ರೆ ಎದ್ದುಬಿಡುತ್ತೆ. ಭಾರ ಹಾಸಿಗೆ ಮೇಲೆ ಬಂತಾ ಅಂತ ನೋಡ್ಕೊಂಡು, ಸ್ವಲ್ಪ ಸ್ವಲ್ಪ."

ಹಿರಿಯಾಕೆಯೂ ಮಗಳನ್ನು ಮಲಗಿಸಿದವಳೇ. ಆ ಕೈ ಇನ್ನೂ ನೆನಪಿತ್ತು. ಅಂದು ಸಂಜೆಯ ಹೊತ್ತಿಗೆ ಗಾಡಿ ಒಂದೇ ಒಂದು ಸಲ ಸದ್ದಿಲ್ಲದೆ ನಿಂತಿತು. ನಿಂತಿತೇ ಎಂದು ಅವಳು ಕಿಟಕಿಯಾಚೆ ನೋಡಿ ಖಚಿತ ಮಾಡಿಕೊಂಡಳು. ಕಿರಿಯಾಕೆ, ಇದು ಸರಿ ಎಂದಳು. ಮುಂದಿನ ಸಲ ಮತ್ತೆ ಜಗ್ಗಿತು.

ಹೊಸ ತಂಡಕ್ಕೆ ಪಾಠ ಶುರುವಾದಾಗ ಅವಳು ಹಲಗೆಯ ಮೇಲೆ ತ್ರಿಕೋನ ಬರೆದು, ಅದರ ಮೇಲೆಯೇ ಬಣ್ಣದ ಸೀಮೆಸುಣ್ಣದಲ್ಲಿ ಇನ್ನೊಂದು ಬಾಗಿದ ಗೆರೆ ಎಳೆದಳು. ಎರಡರ ಕೆಳಗೂ ದೂರ ಒಂದೇ, ಲೆಕ್ಕ ಮಾಡುವ ದಾರಿ ಬೇರೆ, ಕೂತವರಿಗೆ ಆಗುವ ಅನುಭವ ಬೇರೆ ಎಂದು ವಿವರಿಸಿದಳು. ಈ ಎರಡನೆಯದನ್ನು ಮಾಡುವುದು ನನ್ನ ಓರಗಿತ್ತಿ, ನಾನಿನ್ನೂ ಕಲಿಯುತ್ತಿದ್ದೇನೆ ಎಂದಳು.

ಮುಂದಿನ ಸಾಲಿನ ಹುಡುಗಿಯೊಬ್ಬಳು ಕೈ ಎತ್ತಿ, ಹಾಗಾದರೆ ಇದನ್ನು ಬೆಣ್ಣೆ ಮೇಡಮ್ಮೇ ಬಂದು ಪಾಠ ಮಾಡಬಹುದಲ್ಲ ಎಂದಳು. ಉಳಿದವರೆಲ್ಲ ಹೌದು ಹೌದು ಎಂದು ಉತ್ಸಾಹದಿಂದ ತಲೆಯಾಡಿಸಿದರು.

ಹೊಟ್ಟೆಯೊಳಗೆ ಆ ಹಳೆಯ ಕಿಚ್ಚು ಥಟ್ಟನೆ ಎದ್ದಿತು. ಹೋಗಿಬಿಟ್ಟಿದೆ ಎಂದುಕೊಂಡಿದ್ದಳು, ಎಲ್ಲಿಗೆ ಹೋಗುತ್ತದೆ ಅದು. ಅವಳು ಸೀಮೆಸುಣ್ಣ ಕೆಳಗಿಟ್ಟಳು, ಕೈ ಒರೆಸಿಕೊಂಡಳು, ಕೇಳಿ ನೋಡ್ತೀನಿ ಎಂದಳು. ಪಾಠ ಮುಗಿದ ಮೇಲೆ ಉರಿಯುವ ಹೊಟ್ಟೆಯನ್ನೂ ಹೊತ್ತುಕೊಂಡೇ ಹಳಿ ದಾಟಿ ಹೋಗಿ, ಗಾಡಿಯಿಂದ ಇಳಿಯುತ್ತಿದ್ದ ಕಿರಿಯಾಕೆಯನ್ನು, ಪಾಠ ಹೇಳಲು ಬರುತ್ತೀಯಾ ಎಂದು ಕೇಳಿದಳು.